ಗಳಿಕೆ ರಜೆ ಯಾರ ಸ್ವತ್ತು?

ಹೆತ್ತವರ ಆರೈಕೆಗೆಂದು ಸುಳ್ಳು ಕಾಯಿಲೆ ಹೇಳಿ ರಜೆ ಹಾಕಿದವರು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದದ್ದು ಕಳೆದ ಒಂದು ವರ್ಷದಲ್ಲಿ ಇದು ಮೂರನೆಯ ಸಲವಾದ್ದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಬೆಂಗಳೂರಿನ ನಗರಪಾಲಿಕೆಯೊಂದರ ಕಂದಾಯ ವಿಭಾಗದಲ್ಲಿ 16 ವರ್ಷ ಸೇವೆ ಸಲ್ಲಿಸಿದ ಮಹಿಳೆ ನಿದ್ದೆ ಬರುತ್ತಿಲ್ಲವೆಂದು ಬಂದಿದ್ದರು. ತಾಯಿಗೆ ಕ್ಯಾನ್ಸರ್, 21 ದಿನಗಳಿಗೊಮ್ಮೆ ಕಿಮೊಥೆರಪಿ. ಮೊದಲ ಎರಡು ಸರದಿಗೆ ಆಕೆ, ತಮಗೇ ಬೆನ್ನುನೋವೆಂದು ಪರಿಚಯದ ವೈದ್ಯರಿಂದ ಬರೆಸಿಕೊಂಡು 20 ದಿನ ಪರಿವರ್ತಿತ ರಜೆ (ವೈದ್ಯರ ಪ್ರಮಾಣಪತ್ರದ ಮೇಲೆ ಅರ್ಧ ವೇತನ ರಜೆಯನ್ನು ಪೂರ್ಣ ವೇತನಕ್ಕೆ ಬದಲಿಸಿಕೊಳ್ಳುವ ರಜೆ) ಹಾಕಿದ್ದರು.

ಎರಡನೆಯ ಭೇಟಿಯಲ್ಲಿ ಆಕೆ ಹೇಳಿದ್ದು ಒಂದೇ ಘಟನೆ. ಡೇರಿ ಸರ್ಕಲ್ ಬಳಿಯ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಸಾಲಿನಲ್ಲಿ ನಿಂತಿದ್ದಾಗ, ನಾಲ್ಕು ಜನರಷ್ಟು ಮುಂದೆ ತಮ್ಮದೇ ಕಚೇರಿಯ ನೌಕರರೊಬ್ಬರು ಕಂಡರು. ಆಕೆ ವೇಲನ್ನು ಮುಖಕ್ಕೆ ಎಳೆದುಕೊಂಡು ಕಂಬದ ಹಿಂದೆ ಸರಿದರು. “ವೀಲ್‌ಚೇರಿನಲ್ಲಿದ್ದ ಅಮ್ಮ ನನ್ನ ಹೆಸರು ಹಿಡಿದು ಕೂಗುತ್ತಿದ್ದರು ಮೇಡಂ, ನಾನು ಓಗೊಡಲಿಲ್ಲ. ಅವತ್ತಿನಿಂದ ಬೆನ್ನು ನಿಜವಾಗಿಯೂ ನೋಯುತ್ತಿದೆ.”

ನಾನು ಅಪರಾಧಿಪ್ರಜ್ಞೆಯ ಬಗ್ಗೆ ಮಾತನಾಡುವ ಬದಲು ರಜೆಯ ಲೆಕ್ಕ ಕೇಳಿದೆ. ಆಪ್ತಸಲಹೆಗಾರರಿಗೆ ನೌಕರರ ಸೇವೆ, ರಜೆಗಳ ದಾಖಲೆಯಾದ ಸೇವಾ ಪುಸ್ತಕದ ಉಸಾಬರಿ ಏಕೆಂದು ಕೇಳುವವರಿದ್ದಾರೆ. ಸಂಕಟ ಸೇವಾ ಪುಸ್ತಕದೊಳಗೇ ಇದ್ದರೆ ಬೇರೆಲ್ಲಿ ಹುಡುಕುವುದು? ಆಕೆಗೆ ಬಾಯಿಪಾಠವಾಗಿತ್ತು: ಸೇವೆ ಮಾಡಿದಂತೆ ಜಮೆಯಾಗುವ, ಪೂರ್ಣ ವೇತನದ ಗಳಿಕೆ ರಜೆ 186 ದಿನ, ಅರ್ಧ ವೇತನ ರಜೆ 220 ದಿನ. ಉಳಿದದ್ದು ನಾಲ್ಕು ಸರದಿ. ಸರದಿಗೆ ಐದು ದಿನವೆಂದರೂ 20 ದಿನ ಸಾಕಿತ್ತು. ಹಾಗಿದ್ದರೆ ಸುಳ್ಳು ಏಕೆ ಬೇಕಾಯಿತೆಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, “ಗಳಿಕೆ ರಜೆ ಮನೆಯದು ಮೇಡಂ. ಕಾಯಿಲೆಯ ರಜೆ ಮಾತ್ರ ನನ್ನದು” ಎಂದರು.

ನಿವೃತ್ತಿಯ ವೇಳೆ 300 ದಿನಗಳವರೆಗಿನ ಗಳಿಕೆ ರಜೆಯನ್ನು ನಗದೀಕರಿಸಿಕೊಳ್ಳಬಹುದು. ಆ ಹಣವನ್ನು ಪತಿ ಆಗಲೇ ಮಗಳ ಮದುವೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು. ಆಕೆಗೆ ತಮ್ಮನೊಬ್ಬ ಇರುವಾಗ ತವರಿನ ಕಾಯಿಲೆಗೆ ಅದನ್ನು ಮುರಿಯುವುದು ಪತಿಯ ದೃಷ್ಟಿಯಲ್ಲಿ ಅನ್ಯಾಯ. ಸುಳ್ಳು ಹೇಳಿದ್ದು ಕಚೇರಿಗೆ, ಆದರೆ ಅದು ಹುಟ್ಟಿದ್ದು ಮನೆಯಲ್ಲಿ.

ನಿಯಮಗಳದೂ ಪಾಲಿದೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳಡಿ ಹೆರಿಗೆಗೆ 180 ದಿನ, ತಂದೆಯಾದವನಿಗೆ 15 ದಿನ, ಮಹಿಳೆಯರಿಗೆ ಶಿಶುಪಾಲನೆಗೆಂದೂ ರಜೆಯುಂಟು. ವೃದ್ಧ ತಂದೆತಾಯಿಯ ಆರೈಕೆಗೆಂದೇ ಹೆಸರಿಟ್ಟ ರಜೆಯಿಲ್ಲ. ಹೆಸರಿಲ್ಲದ ಕಾರಣವನ್ನು ಅರ್ಜಿಯಲ್ಲಿ ಬರೆಯಲು ಜನ ಹಿಂಜರಿಯುತ್ತಾರೆ, ಬೆನ್ನುನೋವನ್ನು ಸಲೀಸಾಗಿ ಬರೆಯುತ್ತಾರೆ.

ನಾನು ಕೊಟ್ಟ ಸಲಹೆ ಇಷ್ಟು. ಮುಂದಿನ ಸರದಿಗೆ ತಾಯಿಯ ಚಿಕಿತ್ಸೆಯೆಂದೇ ಬರೆದು, ಆಸ್ಪತ್ರೆಯ ದಿನಾಂಕಗಳನ್ನು ಲಗತ್ತಿಸಿ, ಮುಂಗಡವಾಗಿ ಗಳಿಕೆ ರಜೆ ಕೇಳಬೇಕು. ರಜೆಯನ್ನು ಹಕ್ಕೆಂದು ಕೇಳುವಂತಿಲ್ಲವಾದ್ದರಿಂದ ಅಧಿಕಾರಿಯನ್ನು ಮೊದಲೇ ಕಂಡು ಮಾತನಾಡಬೇಕು. ಸ್ವಂತ ಕಾರಣಗಳಿಗೂ ಸಿಗುವ ಅರ್ಧ ವೇತನ ರಜೆ, ದಿನಗಳು ಹೆಚ್ಚಾದರೆ ಇದ್ದೇ ಇದೆ. ಅರ್ಜಿ ಕೊಡುವ ಮುನ್ನ ಪತಿಗೆ ಹೇಳಬೇಕು, ಅನುಮತಿ ಕೇಳಬಾರದು. ತಮ್ಮನಿಗೆ ಎರಡು ಸರದಿಗಳನ್ನು ದಿನಾಂಕ ಹೇಳಿ ವಹಿಸಬೇಕು.

ಹಿಂದಿನ ಸುಳ್ಳು ಪ್ರಮಾಣಪತ್ರದ ವಿಷಯವನ್ನು ಕಚೇರಿಯಲ್ಲಿ ಒಪ್ಪಿಕೊಳ್ಳಿ ಎಂದು ನಾನು ಹೇಳಲಿಲ್ಲ. ಸಹೋದ್ಯೋಗಿಯೊಬ್ಬರು ಇದನ್ನು ಇಬ್ಬಂದಿತನ ಎಂದರು. ಇರಬಹುದು. ಕೀಮೋ ನಡುವೆ ಇಲಾಖಾ ವಿಚಾರಣೆಯನ್ನೂ ಹೊರಲು ಆಕೆಯಲ್ಲಿ ಶಕ್ತಿಯಿರಲಿಲ್ಲ. ಅದು ದುರ್ನಡತೆಯೇ ಎಂದು ಮೃದುಗೊಳಿಸದೆ ಹೇಳಿದೆ, ಮರುಕಳಿಸಬಾರದೆಂದು ಮಾತು ತೆಗೆದುಕೊಂಡೆ. ಒಪ್ಪಿಕೊಳ್ಳುವ ಹೊತ್ತನ್ನು ಆಕೆಗೇ ಬಿಟ್ಟೆ. ಇಂದಿಗೂ ನನಗೆ ಇದು ಪೂರ್ಣ ಸಮಾಧಾನ ತಂದಿಲ್ಲ.

ಅಧಿಕಾರಿ ಇ-ಖಾತಾ ಕೆಲಸ ಬಾಕಿಯಿದೆಯೆಂದು ಗೊಣಗಿ, ಐದರಲ್ಲಿ ಮೂರು ದಿನ ಮಂಜೂರು ಮಾಡಿದರು. ತಮ್ಮ ಒಂದು ಸರದಿಗೆ ಬಂದ. ಪತಿ ಈ ವಿಷಯ ಎತ್ತುವುದಿಲ್ಲ. ಬೆನ್ನುನೋವು ಮಾತ್ರ ಹೋಗಲಿಲ್ಲ; ನನ್ನ ಒತ್ತಾಯಕ್ಕೆ ಮೂಳೆ ವೈದ್ಯರಿಗೆ ತೋರಿಸಿದಾಗ ಅವರು ಒಂದು ವಾರ ವಿಶ್ರಾಂತಿ ಬರೆದುಕೊಟ್ಟರು. ಆ ಚೀಟಿಯನ್ನು ಕಚೇರಿಗೆ ಕೊಡಲು ಆಕೆಗೆ ಇನ್ನೂ ಧೈರ್ಯ ಬಂದಿಲ್ಲ.