ದಾವಣಗೆರೆಯ ಸಣ್ಣ ಆಡಿಟ್ ಆಫೀಸಿನ 2 ಲಕ್ಷ ಪುಟ ಹಳೇ ಕಾಗದಪತ್ರ ಸ್ಕ್ಯಾನ್ ಮಾಡಿಡಲು ಎಂಥ ಸರ್ವರ್ ಬೇಕು?

ದೊಡ್ಡದೇನೂ ಬೇಡ, ಮೊದಲು ಲೆಕ್ಕ ಹಾಕಿ. ಒಂದು ಎ4 ಪುಟಕ್ಕೆ 300 ಕೆಬಿ ಅಂತ ಹಿಡಿದರೆ ಒಟ್ಟು 60 ಜಿಬಿ. ಪೇಪರ್‌ಲೆಸ್ ಎನ್‌ಜಿಎಕ್ಸ್ ಅನ್ನೋ, ಸ್ಕ್ಯಾನ್ ಆದ ಕಾಗದ ಜೋಡಿಸಿಡುವ ಉಚಿತ ತಂತ್ರಾಂಶ ಮೂಲ ಫೈಲಿನ ಜೊತೆ ಹುಡುಕಲು ಬರುವಂಥ ಇನ್ನೊಂದು ಪ್ರತಿಯನ್ನೂ ಇಡುತ್ತದೆ, ಹಾಗಾಗಿ 120 ಜಿಬಿ ಅನ್ನಿ. ಬಣ್ಣದ ಸ್ಕ್ಯಾನ್ ಆದರೆ ಇನ್ನೂ ಜಾಸ್ತಿ. 1 ಟಿಬಿಯ ಎರಡು ಎಸ್‌ಎಸ್‌ಡಿ ರೇಡ್ 1ರಲ್ಲಿ, ಅಂದರೆ ಒಂದು ಡಿಸ್ಕಿನಲ್ಲಿ ಬರೆದದ್ದೇ ಇನ್ನೊಂದರಲ್ಲೂ ಇರುವಂತೆ ಹಾಕಿ, 16 ಜಿಬಿ ರ್‍ಯಾಮ್ ಧಾರಾಳ ಆಯ್ತು.

ನಿಜವಾದ ಹೊರೆ ಓಸಿಆರ್‌ದು, ಅಂದರೆ ಚಿತ್ರದೊಳಗಿನ ಅಕ್ಷರ ಓದುವ ಕೆಲಸ. ಅದನ್ನು ರಾತ್ರಿ ಓಡಲು ಬಿಡಿ. ಪೇಪರ್‌ಲೆಸ್ ಒಳಗೆ ಈ ಕೆಲಸ ಮಾಡುವ ಟೆಸರಾಕ್ಟ್ ಅನ್ನೋ ತಂತ್ರಾಂಶ ಕನ್ನಡವನ್ನೂ ಓದುತ್ತದೆ, ಆದರೆ ಕನ್ನಡದ ಭಾಷಾ ಫೈಲನ್ನು ನೀವೇ ಸೇರಿಸಬೇಕು. ಅಚ್ಚಿನ ಅಕ್ಷರ ಪರವಾಗಿಲ್ಲ, ಕೈಬರಹದ ಖಾತೆ ಪುಸ್ತಕ ಅದರ ಕೈಲಾಗುವುದಿಲ್ಲ. ಪಾರ್ಟಿ ಹೆಸರು, ವರ್ಷ ನೀವೇ ಟೈಪ್ ಮಾಡಬೇಕಾಗುತ್ತದೆ, ಬೇಜಾರಿನ ಕೆಲಸ.

ರೇಡ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ತಪ್ಪಿ ಅಳಿಸಿದ ಫೈಲ್ ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ, ಅಲ್ವಾ? ವಾರಕ್ಕೊಮ್ಮೆ ಫೈಲು, ನೀವು ಟೈಪ್ ಮಾಡಿದ ವಿವರ ಇರುವ ಡೇಟಾಬೇಸ್ ಎರಡನ್ನೂ ಬೇರೆ ಡಿಸ್ಕಿಗೆ ಇಳಿಸಿ ಮನೆಗೆ ಒಯ್ಯಿರಿ.

ಯುಪಿಎಸ್ ಇರಲೇಬೇಕು. ಜಾಗವನ್ನೂ ನೋಡಿ: ಮಂಡಿಪೇಟೆಯ ನಮ್ಮ ಆಫೀಸಿನಲ್ಲಿ ಮೆಟ್ಟಿಲ ಕೆಳಗಿಟ್ಟಿದ್ದ ಸರ್ವರ್ ಏಪ್ರಿಲ್ ಬಿಸಿಲಿಗೆ ದಿನಾ ಮಧ್ಯಾಹ್ನ ಆಫ್ ಆಗುತ್ತಿತ್ತು, ಬಿಚ್ಚಿ ನೋಡಿದರೆ ಫ್ಯಾನಿಗೆ ಕಂಬಳಿ ಹೊದಿಸಿದಂತೆ ಧೂಳು.