‘ಅಡ್ವೈಸ್’ ಬರೆಯುವಾಗ ಸಿ ಎಲ್ಲಿ, ಎಸ್ ಎಲ್ಲಿ?

ಕಚೇರಿಯ ಇಂಗ್ಲಿಷ್ ಪತ್ರದ ಕೊನೆಗೆ ‘ಪ್ಲೀಸ್ ಅಡ್ವೈಸ್’ ಎಂಬುದನ್ನು ಸಿ ಅಕ್ಷರ ಹಾಕಿ ಬರೆದಿದ್ದಾಗಿಯೂ, ಕಂಪ್ಯೂಟರ್ ಕೆಂಪು ಗೆರೆ ಎಳೆಯದಿದ್ದರೂ ಮೇಲಧಿಕಾರಿಗಳು ಅದನ್ನು ತಿದ್ದಿದರೆಂದೂ ತಾವು ಬರೆದಿದ್ದೀರಿ. ಅವರು ತಿದ್ದಿದ್ದು ಸರಿ. ಸಿ ಇದ್ದರೆ ನಾಮಪದ, ಅಂದರೆ ಸಲಹೆ. ಎಸ್ ಇದ್ದರೆ ಕ್ರಿಯಾಪದ, ಅಂದರೆ ಸಲಹೆ ನೀಡು. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ, ಬಿಡಿ ಪದಗಳನ್ನು ಪಟ್ಟಿಯೊಡನೆ ಹೋಲಿಸಿ ನೋಡುವ ತಂತ್ರಾಂಶಕ್ಕೆ ಇಲ್ಲಿ ತಪ್ಪೇ ಕಾಣುವುದಿಲ್ಲ.

ನಮ್ಮಲ್ಲಿ ಈ ತಪ್ಪು ಇಷ್ಟು ಸಾಮಾನ್ಯವಾಗಲು ಉಚ್ಚಾರಣೆಯೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಇಂಗ್ಲಿಷಿನಲ್ಲಿ ನಾಮಪದದ ಕೊನೆಗೆ ಸಕಾರ ಕೇಳಿದರೆ, ಕ್ರಿಯಾಪದದ ಕೊನೆಗೆ ‘ಜ಼ೀಬ್ರಾ’ ಪದದ ಮೊದಲ ಧ್ವನಿ ಕೇಳುತ್ತದೆ. ಆ ಧ್ವನಿ ಕನ್ನಡದ ವರ್ಣಮಾಲೆಯಲ್ಲಿ ಇಲ್ಲದಿರುವುದರಿಂದಲೇ ನಾವು ‘ಜ’ದ ಕೆಳಗೆ ಚುಕ್ಕೆಗಳನ್ನಿಟ್ಟು ಬರೆಯುತ್ತೇವೆ, ಮಾತಿನಲ್ಲಿ ಮಾತ್ರ ಹೆಚ್ಚಿನವರು ಎರಡನ್ನೂ ‘ಅಡ್ವೈಸ್’ ಎಂದೇ ಮುಗಿಸುತ್ತೇವೆ. ‘ಲೂಸ್’ ಪದದಲ್ಲಿ ಆಗುವುದೂ ಇದೇ: ಸಡಿಲ ಎಂಬ ಅರ್ಥಕ್ಕೆ ಎರಡು ಓ, ಕಳೆದುಕೊಳ್ಳು ಎಂಬ ಅರ್ಥಕ್ಕೆ ಒಂದೇ ಓ.

ಅನುಮಾನ ಬಂದಾಗ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ. ‘ದಯವಿಟ್ಟು ಸಲಹೆ’ ಎಂದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ‘ದಯವಿಟ್ಟು ಸಲಹೆ ನೀಡಿ’ ಎಂದಾಗಲೇ ಪೂರ್ಣವಾಗುತ್ತದೆ, ಆದ್ದರಿಂದ ಅಲ್ಲಿ ಎಸ್ ಬೇಕು. ‘ವೈದ್ಯರ ಸಲಹೆ ಪಡೆದೆ’ ಎಂಬಲ್ಲಿ ಸಿ. ‘ಪ್ರಾಕ್ಟೀಸ್’ ಪದಕ್ಕೂ ಬ್ರಿಟಿಷ್ ಬರವಣಿಗೆಯಲ್ಲಿ ಇದೇ ನಿಯಮವಿದೆ, ಆದರೆ ಅಮೆರಿಕನ್ನರು ಅದರ ಎರಡು ರೂಪಗಳಿಗೂ ಸಿ ಬಳಸುತ್ತಾರೆ. ‘ಅಡ್ವೈಸ್’ ವಿಷಯದಲ್ಲಿ ಮಾತ್ರ ಎರಡೂ ಕಡೆ ಒಂದೇ ಪದ್ಧತಿ.