ಸಣ್ಣ ರಕ್ತನಾಳವೊಂದೇ ಕಾರಣವೇ?

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ. ಬಿಪಿ, ಶುಗರ್ ಇಲ್ಲ. ಕಳೆದ ತಿಂಗಳು ಅಂಗಡಿಯಲ್ಲಿದ್ದಾಗ ತಲೆ ಗಿರ್ರನೆ ತಿರುಗಿ ವಾಂತಿಯಾಯಿತು. ಎದ್ದು ನಡೆದರೆ ಎಡಕ್ಕೆ ವಾಲುತ್ತಿದ್ದ. ಪಿತ್ತವೆಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮರುದಿನ ಎಂಆರ್‌ಐಯಲ್ಲಿ ಕಿರುಮೆದುಳಿನ ಸ್ಟ್ರೋಕ್ ಎಂದು ಗೊತ್ತಾಯಿತು. ಎಡಗಡೆಯ ವರ್ಟಿಬ್ರಲ್ ರಕ್ತನಾಳ ಹುಟ್ಟಿನಿಂದಲೇ ಸಣ್ಣದಂತೆ. ಆಪರೇಷನ್ ಮಾಡಿ ಸರಿಪಡಿಸಬಹುದೇ? ಅವನ ಮಕ್ಕಳಿಗೂ ಸ್ಕ್ಯಾನ್ ಬೇಕೇ?
– ಓದುಗರು, ಕುಮಟಾ

ಉತ್ತರ: ಆಪರೇಷನ್ ಇಲ್ಲ, ಮಕ್ಕಳಿಗೆ ಸ್ಕ್ಯಾನೂ ಬೇಡ. ಕುತ್ತಿಗೆಯ ಹಿಂಭಾಗದಲ್ಲಿ ಮೇಲೇರುವ ಈ ಜೋಡಿ ನಾಳಗಳಲ್ಲಿ ಒಂದು 2 ಮಿ.ಮೀ.ಗಿಂತ ಸಪೂರವಿರುವುದು ಎಷ್ಟೋ ಆರೋಗ್ಯವಂತರಲ್ಲೂ ಕಾಣುತ್ತದೆ. ಇನ್ನೊಂದು ನಾಳ ಆ ಕೊರತೆ ತುಂಬುತ್ತದೆ. ಹಾಗಾಗಿ ರಿಪೋರ್ಟಿನ ಆ ಒಂದು ಸಾಲಿಗೆ ಹುಡುಕಾಟ ನಿಲ್ಲಬಾರದು.

ಮೊದಲು ಕೇಳಬೇಕಾದ್ದು: ನಾಳ ನಿಜವಾಗಿ ಹುಟ್ಟಿನಿಂದ ಸಪೂರವೋ, ಅಥವಾ ಒಳಪದರ ಸೀಳಿ ಕಿರಿದಾದದ್ದೋ? ಹುಟ್ಟಿನಿಂದ ಬಂದದ್ದಾದರೆ ಅದು ಹಾದುಹೋಗುವ ಕತ್ತಿನ ಮೂಳೆಯ ತೂತೂ ಸಾಮಾನ್ಯವಾಗಿ ಚಿಕ್ಕದಿರುತ್ತದೆ. ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿಟಿ ಆಂಜಿಯೋದಲ್ಲಿ ಇದನ್ನು ನೋಡಬಹುದು. ತೂತು ಸರಿಯಿದ್ದು ನಾಳ ಮಾತ್ರ ಕಿರಿದಾಗಿದ್ದರೆ ಸೀಳಿಕೆಯ ಅನುಮಾನ. ಆಗ ಕೊಬ್ಬಿನ ಹೊಳಪನ್ನು ಅಡಗಿಸಿ ತೆಗೆಯುವ ಕತ್ತಿನ ಎಂಆರ್‌ಐಯಲ್ಲಿ ನಾಳದ ಗೋಡೆಯೊಳಗಿನ ರಕ್ತ ಅರ್ಧಚಂದ್ರಾಕಾರದಲ್ಲಿ ಕಾಣಬಹುದು. ಆ ವಾರಗಳಲ್ಲಿ ಕುತ್ತಿಗೆಗೆ ಪೆಟ್ಟು ಬಿದ್ದಿತ್ತೇ, ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ ನಟಿಕೆ ತೆಗೆಸಿದ್ದರೇ, ಒಂದೇ ಬದಿ ಕತ್ತುನೋವಿತ್ತೇ ಎಂದು ಅವರನ್ನೇ ಕೇಳಿ. ನಟಿಕೆಯ ಚಟ ಇದ್ದರೆ ಇವತ್ತೇ ಬಿಡಲಿ.

ಜೊತೆಗೆ ಹೃದಯದ ಸ್ಕ್ಯಾನ್ ಆದ ಎಕೋ (ಕವಾಟದ ರುಮ್ಯಾಟಿಕ್ ಕಾಯಿಲೆ ನಮ್ಮಲ್ಲಿ ಇನ್ನೂ ಇದೆ), ಹೃದಯದ ಮೇಲ್ಕೋಣೆಗಳ ನಡುವೆ ತೂತಿದೆಯೇ ಎಂದು ತಿಳಿಯಲು ಗುಳ್ಳೆಗಳಿರುವ ಸಲೈನ್ ಕೊಟ್ಟು ಮಾಡುವ ಬಬಲ್ ಎಕೋ, ಹೃದಯಬಡಿತವನ್ನು ಕನಿಷ್ಠ 24 ಗಂಟೆ ದಾಖಲಿಸುವ ಹೋಲ್ಟರ್, ಕೊಲೆಸ್ಟರಾಲ್, ರಕ್ತ ಹೆಪ್ಪುಗಟ್ಟುವ ಗುಣದ ಪರೀಕ್ಷೆ, ಹೋಮೋಸಿಸ್ಟೀನ್ (ಬಿ12 ಕಡಿಮೆಯಾದರೆ ರಕ್ತದಲ್ಲಿ ಏರುವ ಅಂಶ), ಬಿ12 ಇವೂ ಆಗಲಿ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಹೆಚ್ಚು. ಹೃದಯದಲ್ಲಿ ತೂತು ಸಿಕ್ಕಿತೆಂದು ಅದನ್ನೇ ದೂರಬೇಡಿ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಇರುತ್ತದೆ. ಕವಳಕ್ಕೆ ತಂಬಾಕು ಸೇರಿಸುವುದಿದ್ದರೆ ಅದೂ ನಿಲ್ಲಲಿ, ಬೀಡಿಯಂತೂ ನಿಲ್ಲಲೇಬೇಕು.

ಔಷಧ ಕಾರಣದ ಮೇಲೆ ನಿಂತಿದೆ. ಸಣ್ಣ ಸ್ಟ್ರೋಕ್‌ಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಎರಡನ್ನೂ ಸಾಮಾನ್ಯವಾಗಿ 21 ದಿನ ಕೊಟ್ಟು, ಆಮೇಲೆ ಒಂದನ್ನೇ ಮುಂದುವರಿಸುತ್ತಾರೆ. ಸೀಳಿಕೆಯಾದರೆ 3ರಿಂದ 6 ತಿಂಗಳ ಬಳಿಕ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ‘ಈಗ ಆರಾಮಿದ್ದೇನೆ’ ಎಂದು ಮಾತ್ರೆ ತಾವಾಗಿಯೇ ಬಿಡುವುದೇ ದೊಡ್ಡ ತೊಂದರೆ.

ಪ್ರಶ್ನೆ: ಲಕ್ವ ಹೊಡೆದ ಕೂಡಲೇ ಆಸ್ಪಿರಿನ್ ಕೊಡಬಹುದೇ?
– ಓದುಗರು, ಶಿರಸಿ

ಉತ್ತರ: ಕೊಡಬೇಡಿ. ಮಿದುಳಿನಲ್ಲಿ ರಕ್ತಸ್ರಾವವಾಗಿಲ್ಲ ಎಂದು ಮೊದಲು ಸಿಟಿ ಸ್ಕ್ಯಾನಿನಲ್ಲಿ ಖಚಿತವಾಗಬೇಕು. ನೀರೂ ಬೇಡ, ಶ್ವಾಸಕೋಶಕ್ಕೆ ಇಳಿಯಬಹುದು. ಮುಖ ಸೊಟ್ಟ, ಕೈ ಸೋಲು, ಮಾತು ತೊದಲು ಮಾತ್ರವಲ್ಲ, ಒಮ್ಮೆಲೇ ಸಮತೋಲ ತಪ್ಪುವುದು, ಎರಡೆರಡು ಕಾಣುವುದೂ ಲಕ್ಷಣವೇ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆ ಗಡುವು. ಆ ಲೆಕ್ಕ ಶುರುವಾಗುವುದು ರೋಗಿ ಕೊನೆಯದಾಗಿ ಸರಿಯಿದ್ದ ಹೊತ್ತಿನಿಂದ, ನೀವು ನೋಡಿದ ಹೊತ್ತಿನಿಂದಲ್ಲ. ಆ ಸಮಯ ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಿ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವುದರಲ್ಲೇ ಗಂಟೆಗಟ್ಟಲೆ ಕಳೆಯುವುದರಿಂದ, ಸಿಟಿ ಮತ್ತು ಈ ಇಂಜೆಕ್ಷನ್ ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿಡಿ.